ಗಂಡ ಸುಳ್ಳು ಕಾಗದಕ್ಕೆ ಸಹಿ ಹಾಕು ಅಂದರೆ ವಿಧೇಯತೆ ಯಾವುದು?

ಪ್ರಶ್ನೆ: ಮಾವನವರು ಉಯಿಲು ಬರೆಯದೆ ತೀರಿಕೊಂಡರು. ಅತ್ತೆ ಇದ್ದಾರೆ. ಮಕ್ಕಳು ಇಬ್ಬರೇ, ನನ್ನ ಯಜಮಾನರು ಮತ್ತು ಮದುವೆಯಾಗಿ ಹೋಗಿರುವ ನಾದಿನಿ. ಜಮೀನಿನ ಖಾತೆ ಬದಲಾವಣೆಗೆ ಕೊಡುವ ವಂಶವೃಕ್ಷದಲ್ಲಿ ನಾದಿನಿಯ ಹೆಸರು ಬಿಟ್ಟಿದ್ದಾರೆ. ಅದಕ್ಕೆ ಮಾಡಿಸಿದ ಅಫಿಡವಿಟ್ಟಿಗೆ ನಾನೂ ಸಾಕ್ಷಿ ಸಹಿ ಹಾಕಬೇಕಂತೆ. ಹಿಂಜರಿದಾಗ ಅತ್ತೆ, "ಸಾರಳು ಅಬ್ರಹಾಮನನ್ನು ಯಜಮಾನ ಅಂತ ಕರೆದು ಹೇಳಿದ ಹಾಗೆ ಕೇಳಿದಳು. ನೀನು ದಿನಾ ಪ್ರಾರ್ಥನೆ ಮಾಡೋದು ಯಾತಕ್ಕೆ?" ಅಂದರು. ಗಂಡನ ಮಾತು ಮೀರಿದರೆ ದೇವರ ಮಾತು ಮೀರಿದ ಹಾಗೆಯೇ?
(ಹೆಸರು ಬೇಡ, ಧಾರವಾಡ ಜಿಲ್ಲೆ)

ಉತ್ತರ: ಸಹಿ ಹಾಕಬೇಡಿ, ತಂಗಿ. ಮೊದಲು ಇಷ್ಟನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಇದನ್ನು ಓದುವ ಹೊತ್ತಿಗೆ ಆ ಕಾಗದ ನಿಮ್ಮ ಮುಂದೆಯೇ ಇರಬಹುದು.

ನಿಮ್ಮ ಅತ್ತೆ ಹೇಳಿದ ವಾಕ್ಯ ಪೇತ್ರನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದ್ದು, 6ನೆಯ ವಚನ. ಅವರು ಅದರ ಅರ್ಧ ಮಾತ್ರ ಹೇಳಿದ್ದಾರೆ. ಒಳ್ಳೆಯದನ್ನು ಮಾಡುತ್ತ, ಯಾವ ಬೆದರಿಕೆಗೂ ಹೆದರದೆ ಇರುವವರೇ ಸಾರಳ ಮಕ್ಕಳು ಎಂಬುದು ಉಳಿದರ್ಧ. ಆದಿಕಾಂಡ 21ರಲ್ಲಿ ದೇವರು ಅಬ್ರಹಾಮನಿಗೇ, ಸಾರಳು ಹೇಳಿದಂತೆ ಕೇಳು ಎಂದು ಅಪ್ಪಣೆ ಕೊಡುತ್ತಾನೆ. ಅಲ್ಲಿ ಮನೆಯಿಂದ ಹೊರಹಾಕಿಸಿಕೊಂಡ ದಾಸಿ ಹಾಗರಳಿಗೂ ಅವಳ ಮಗನಿಗೂ ಆದ ಸಂಕಟ ದೊಡ್ಡದು, ಅದನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಮುಗಿಸಲಾಗದು. ಆದರೆ ಸಾರಳನ್ನು ಬಾಯಿಲ್ಲದ ಹೆಂಡತಿಯಾಗಿ ತೋರಿಸುವವರು ಆ ಅಧ್ಯಾಯವನ್ನೂ ಓದಬೇಕು.

ನಿಮ್ಮ ಪ್ರಶ್ನೆಗೆ ತೀರ ಹತ್ತಿರದವಳು ಸಪ್ಫೈರಳು. ಅಪೊಸ್ತಲರ ಕೃತ್ಯಗಳು 5ನೆಯ ಅಧ್ಯಾಯ ತೆಗೆಯಿರಿ. ಅನನೀಯನು ಭೂಮಿ ಮಾರಿ, ಬಂದ ಹಣದಲ್ಲಿ ಒಂದು ಪಾಲು ಮುಚ್ಚಿಟ್ಟು, ಉಳಿದದ್ದನ್ನು ಪೂರ್ತಿ ಕ್ರಯವೆಂಬಂತೆ ಅಪೊಸ್ತಲರ ಮುಂದಿಟ್ಟನು. ಹೆಂಡತಿ ಸಪ್ಫೈರಳಿಗೂ ಅದು ಗೊತ್ತಿತ್ತು. ಪೇತ್ರನು ಆ ಸುಳ್ಳನ್ನು ಬಯಲಿಗೆಳೆದಾಗ ಅನನೀಯನು ಬಿದ್ದು ಸತ್ತನು. ಸುಮಾರು ಮೂರು ತಾಸು ಬಿಟ್ಟು ಅವಳು ಬಂದಾಗ ಪೇತ್ರನು ಅವಳನ್ನೇ ನೇರವಾಗಿ ಕೇಳುತ್ತಾನೆ: ಭೂಮಿ ಮಾರಿದ್ದು ಇಷ್ಟಕ್ಕೇನಾ? ಗಂಡ ಸತ್ತದ್ದು ಅವಳಿಗೆ ಇನ್ನೂ ತಿಳಿದಿಲ್ಲ. ನಿಜ ಹೇಳಲು ಅವಳಿಗೆಂದೇ ಬೇರೆ ಅವಕಾಶ ಸಿಕ್ಕಿತ್ತು. ಅವಳು ಗಂಡನ ಸುಳ್ಳನ್ನೇ ಹೇಳಿದಳು, ಅಲ್ಲೇ ಬಿದ್ದು ಸತ್ತಳು. ಗಂಡ ಹೇಳಿಸಿದ್ದು ಎಂಬ ವಿನಾಯಿತಿ ಅವಳಿಗೆ ಸಿಗಲಿಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ದೇವರ ಮುಂದೆ ನಿಮ್ಮ ಸಹಿ ನಿಮ್ಮದೇ, ಅದಕ್ಕೆ ಯಜಮಾನರು ಜವಾಬು ಕೊಡಲಾರರು.

ಹಾಗಾದರೆ ಬೇಡ ಎನ್ನುವುದು ಹೇಗೆ? ಇದಕ್ಕೆ 1 ಸಮುವೇಲ 25ರ ಅಬೀಗೈಲಳನ್ನು ನೋಡಿ. ಸ್ತ್ರೀಯರ ಕೂಟಗಳಲ್ಲಿ ಅವಳ ಹೆಸರು ಯಾಕೆ ಇಷ್ಟು ಕಡಿಮೆ ಕೇಳಿಬರುತ್ತದೋ, ನನಗೆ ಬೇಸರವಿದೆ. ಗಂಡ ನಾಬಾಲನಿಗೆ 3000 ಕುರಿ, 1000 ಆಡು. ಉಣ್ಣೆ ಕತ್ತರಿಸುವ ಹಬ್ಬದಲ್ಲಿ, ತನ್ನ ಕುರುಬರನ್ನು ಕಾದಿದ್ದ ದಾವೀದನ ಆಳುಗಳನ್ನು ಅವನು ಬೈದು ಬರಿಗೈಲಿ ಕಳಿಸಿದ. ದಾವೀದ ಸಿಟ್ಟಿಗೆದ್ದು 400 ಜನರೊಂದಿಗೆ ಹೊರಟ. ಬೆಳಗಾಗುವುದರೊಳಗೆ ಆ ಮನೆಯಲ್ಲಿ ಒಬ್ಬ ಗಂಡಸೂ ಉಳಿಯಬಾರದು ಎಂದು ಆಣೆ ಇಟ್ಟಿದ್ದ. ಆಳೊಬ್ಬ ಓಡಿಬಂದು ಸುದ್ದಿ ಮುಟ್ಟಿಸಿದ್ದು ಅಬೀಗೈಲಳಿಗೆ. ಯಜಮಾನನ ಹತ್ತಿರ ಯಾರೂ ಮಾತಾಡುವ ಹಾಗಿರಲಿಲ್ಲ. ಅವಳು 200 ರೊಟ್ಟಿ, 2 ತಿತ್ತಿ ದ್ರಾಕ್ಷಾರಸ, ಐದು ಕುರಿಯ ಮಾಂಸ, ಹುರಿದ ಧಾನ್ಯ, ಒಣದ್ರಾಕ್ಷಿ, 200 ಅಂಜೂರದ ಉಂಡೆ ಎಲ್ಲವನ್ನೂ ಕತ್ತೆಗಳ ಮೇಲೆ ಹೇರಿಸಿ ಹೊರಟಳು. ಗಂಡನಿಗೆ ಹೇಳಲಿಲ್ಲ ಎಂದು ಸತ್ಯವೇದವೇ ಸ್ಪಷ್ಟವಾಗಿ ಬರೆದಿದೆ, ಅದನ್ನು ತಪ್ಪೆಂದು ಎಲ್ಲೂ ಎಣಿಸಿಲ್ಲ. ತಾನು ರಕ್ತ ಸುರಿಸದಂತೆ ತಡೆದವಳೆಂದು ದಾವೀದನು ಅವಳನ್ನು ಹರಸುತ್ತಾನೆ.

ಮುಂದಿನ ಭಾಗ ನಿಮಗೆ ಬೇಕಾದದ್ದು. ಅವಳು ಮನೆಗೆ ಬಂದಾಗ ನಾಬಾಲ ಚೆನ್ನಾಗಿ ಕುಡಿದಿದ್ದ. ಆ ರಾತ್ರಿ ಅವಳು ಏನೂ ಹೇಳಲಿಲ್ಲ. ಬೆಳಗಾಗಿ ಅಮಲು ಇಳಿದ ಮೇಲೆ ನಡೆದದ್ದನ್ನೆಲ್ಲ ಹೇಳಿದಳು. ನೀವೂ ಎಲ್ಲರೆದುರು, ಜಗಳದ ನಡುವೆ ಹೇಳಬೇಡಿ. ಯಜಮಾನರು ಸಮಾಧಾನದಿಂದಿರುವಾಗ, ಒಬ್ಬರೇ ಇದ್ದಾಗ ಹೇಳಿ: "ನಿಮ್ಮ ಜೊತೆ ಇರ್ತೀನಿ, ಆದರೆ ಈ ಸುಳ್ಳಿಗೆ ಸಹಿ ಹಾಕಲ್ಲ. ನೀವೂ ಹಾಕಬೇಡಿ." ಅವರನ್ನು ಕೂಡ ಆ ಕಾಗದದಿಂದ ತಪ್ಪಿಸುವುದು ಹೆಂಡತಿಯ ಪ್ರೀತಿಯೇ.

ಜೊತೆಗೆ ಲೆಕ್ಕವನ್ನೂ ಅವರ ಮುಂದಿಡಿ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲಿಲ್ಲದೆ ತೀರಿಕೊಂಡವರ ಆಸ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ. ಗಂಡುಮಗ, ಹೆಣ್ಣುಮಗಳು ಎಂಬ ಭೇದವಿಲ್ಲ. ಅಂದರೆ ಅತ್ತೆ, ಯಜಮಾನರು, ನಾದಿನಿ ಮೂವರಿಗೂ ಸಮ. ಜಮೀನು ಒಂದೇ ಕಡೆ ಉಳಿಯಬೇಕೆಂದಿದ್ದರೆ ನಾದಿನಿಯನ್ನು ಕರೆದು ಕೂತು ಮಾತಾಡಲಿ. ಅವರು ಮನಸ್ಸಾರೆ ಬಿಟ್ಟುಕೊಡುವುದು ಬೇರೆ, ಅವರು ಹುಟ್ಟಿಯೇ ಇಲ್ಲ ಎಂದು ಬರೆಯುವುದು ಬೇರೆ.

ಒಂದು ಎಚ್ಚರಿಕೆ. ಒಪ್ಪದಿದ್ದಕ್ಕೆ ಯಾರಾದರೂ ನಿಮ್ಮ ಮೇಲೆ ಕೈ ಮಾಡಿದರೆ ಅದನ್ನು ಶಿಲುಬೆ ಎಂದು ಹೊತ್ತುಕೊಂಡು ಕೂರಬೇಡಿ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಭೆಯಲ್ಲಿ ನಂಬುವ ಒಬ್ಬ ಹಿರಿಯ ಹೆಂಗಸಿಗೆ ಇಂದೇ ವಿಷಯ ತಿಳಿಸಿಡಿ.

ಪ್ರಶ್ನೆ: ನಮ್ಮ ಸ್ತ್ರೀಯರ ಕೂಟದಲ್ಲಿ ರೂತಳ ಬಗ್ಗೆ ಮಾತಾಡಬೇಕು. ಅತ್ತೆ ಹೇಳಿದ್ದನ್ನೆಲ್ಲ ಕೇಳಿದ ಸೊಸೆ ಎಂದು ಹೇಳಿದರೆ ಸಾಕೇ?
(ಒಬ್ಬ ಓದುಗರು, ಉಡುಪಿ)

ಉತ್ತರ: ಸಾಲದು. ತವರಿಗೆ ಹೋಗಿ ಎಂದು ನೊವೊಮಿ ಇಬ್ಬರು ಸೊಸೆಯರಿಗೂ ಮತ್ತೆ ಮತ್ತೆ ಹೇಳಿದಳು. ಆ ಮಾತು ಕೇಳಿದವಳು ಒರ್ಫಾ, ರೂತಳು ಕೇಳಲಿಲ್ಲ. ಬೇತ್ಲೆಹೇಮಿನಲ್ಲಿ ಜವೆಗೋದಿಯ ಸುಗ್ಗಿಯಲ್ಲಿ ಹಕ್ಕಲಾಯಲು ಹೋಗುವ ಯೋಚನೆಯೂ ಅವಳದೇ. ಮೊದಲ ದಿನದ ಸಂಜೆ ತೆನೆ ಬಡಿದು ತಂದದ್ದು ಸುಮಾರು ಒಂದು ಏಫಾ, ಅಂದರೆ ಇಪ್ಪತ್ತು ಲೀಟರಿನ ಆಸುಪಾಸು. ಇಬ್ಬರಿಗೆ ಎಷ್ಟೋ ದಿನದ ಊಟ.

3ನೆಯ ಅಧ್ಯಾಯದಲ್ಲಿ ಅತ್ತೆ ಹೇಳಿದಂತೆ ಅವಳು ಕಣಕ್ಕೆ ಹೋಗುತ್ತಾಳೆ ನಿಜ. ಆದರೆ ಏನು ಮಾಡಬೇಕೆಂದು ಹೊಲದ ಯಜಮಾನ ಬೋವಜನೇ ಹೇಳುತ್ತಾನೆ ಎಂದಿದ್ದಳು ನೊವೊಮಿ. ಅಲ್ಲಿ ರೂತಳೇ ಬಾಯಿಬಿಟ್ಟು, ನೀನು ಹತ್ತಿರದ ಬಂಧು, ನನ್ನನ್ನು ಸೇರಿಸಿಕೋ ಎಂದು ಕೇಳುತ್ತಾಳೆ. ಅತ್ತೆಯ ಮೇಲಿನ ಪ್ರೀತಿಯಿಂದಲೇ ಒಮ್ಮೆ ಮಾತು ಮೀರಿದಳು, ಒಮ್ಮೆ ಕೇಳಿದಳು. ಕೂಟದಲ್ಲಿ 1ನೆಯ ಅಧ್ಯಾಯವನ್ನು ಸೊಸೆಯರ ಕೈಲಿ ಓದಿಸಿ. 4ನೆಯ ಅಧ್ಯಾಯದ 15ನೆಯ ವಚನದಲ್ಲಿ ಊರ ಹೆಂಗಸರು ನೊವೊಮಿಗೆ, ಈ ಸೊಸೆ ನಿನಗೆ ಏಳು ಗಂಡುಮಕ್ಕಳಿಗಿಂತ ಹೆಚ್ಚು ಎನ್ನುತ್ತಾರೆ. ಅದನ್ನು ಅತ್ತೆಯರ ಕೈಲಿ ಓದಿಸಿ.