ಗಾಳ ಮಸೆಯಲು ಮಷಿನ್ ಬೇಡ ಮಾರಾಯ್ರೆ

ತುಕ್ಕು ಹಿಡಿದ ಒಂದು ಡಬ್ಬಿ ಗಾಳ ಇದೆ, ಮನೆಯಲ್ಲೇ ಮಸೆಯಲು ಯಾವ ಮಷಿನ್ ತಗೊಳ್ಳಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಈ ಪಾಠಕ್ಕೆ ನಾನು ಒಂದು ಕೆಂಬೇರಿ ಮೀನನ್ನೇ ಫೀಸು ಕಟ್ಟಿದ್ದೇನೆ.

ಕುಂದಾಪುರದ ಪಂಚಗಂಗಾವಳಿ ಹೊಳೆ, ಸಂಜೆ ಭರತ (ಸಮುದ್ರದ ಉಬ್ಬರ) ಏರುವ ಹೊತ್ತು. ಹಿಂದಿನ ದಿನ ನಾನು ಮಹಾ ಬುದ್ಧಿವಂತನ ಹಾಗೆ ವೆಲ್ಡಿಂಗ್ ಮಾಡುವ ಗೆಳೆಯನ ಶೆಡ್ಡಿಗೆ ಹೋಗಿ, ನಾಲ್ಕು ದೊಡ್ಡ ಗಾಳಗಳನ್ನು ಗ್ರೈಂಡರಿಗೆ ಒಡ್ಡಿದ್ದೆ. ಒಂದೊಂದಕ್ಕೆ ಎರಡೇ ಸೆಕೆಂಡು. ತುದಿ ಸೂಜಿ ಹಾಗೆ ಮಿಂಚಿತು. ಪಕ್ಕದಲ್ಲಿ ನವಿಲುಗರಿಯಂಥ ನೀಲಿ ಬಣ್ಣ ಬಂದಿತ್ತು, ಚೆಂದ ಕಂಡಿತು, ಸುಮ್ಮನಾದೆ.

ಆ ನೀಲಿಯೇ ಕೇಡು. ಗಾಳದ ಉಕ್ಕನ್ನು ಕೆಂಪಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡಿ ಗಟ್ಟಿ ಮಾಡಿರುತ್ತಾರೆ. ನೀಲಿ ಬಂತು ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಆ ಹದ ಕೆಟ್ಟಿದೆ ಅಂತ ಲೆಕ್ಕ. ಕತ್ತಿಗಾದರೆ ಬಿಸಿ ಹರಡಿಕೊಳ್ಳಲು ಮೈ ಇದೆ. ಗಾಳದ ತುದಿಗೆ ಎಲ್ಲಿದೆ? ಕಣ್ಣು ಮಿಟುಕಿಸುವಷ್ಟರಲ್ಲಿ ಕಾಯುತ್ತದೆ. ಆಮೇಲೆ ನೀರಿಗೆ ಅದ್ದಿದರೂ ಹೋದ ಗಟ್ಟಿತನ ವಾಪಸ್ ಬರುವುದಿಲ್ಲ. ಮೋಸ ಏನೆಂದರೆ, ಮೆತ್ತಗಾದ ತುದಿಯೂ ಬೆರಳಿಗೆ ಚೂಪಾಗಿಯೇ ತಾಗುತ್ತದೆ.

ಜೀವಂತ ಸಿಗಡಿ ಕಟ್ಟಿದ್ದೆ. ತಂಗೂಸಿ (ಗಾಳದ ನೈಲಾನ್ ದಾರ) ಸರ್ರನೆ ಓಡಿತು, ಎಳೆದೆ, ಭಾರ ಸಿಕ್ಕಿತು. ಮೀನು ನೀರಿನ ಮೇಲೆ ಒಮ್ಮೆ ಕೆಂಪಗೆ ಹೊರಳಿತು. ಆಮೇಲೆ ತಂಗೂಸಿ ಸಡಿಲ. ಗಾಳ ಮೇಲೆ ಬಂದಾಗ ತುದಿ ಮುರಿದಿರಲಿಲ್ಲ, ನಾಯಿ ಕಿವಿ ಮಡಚಿದ ಹಾಗೆ ಮಗುಚಿಕೊಂಡಿತ್ತು. ಕೆಂಬೇರಿ ಬಾಯಿ ಅಂದರೆ ಎಲುಬು, ಅಲ್ಲಿ ಮೆತ್ತನೆ ಉಕ್ಕು ನಾಟುವುದಿಲ್ಲ. ಉಳಿದ ಮೂರನ್ನೂ ಅಲ್ಲೇ ಕತ್ತರಿಸಿ ಚೀಲಕ್ಕೆ ಹಾಕಿದೆ. (ಮನೆಯಲ್ಲಿ ಆ ರಾತ್ರಿ ಮೊಟ್ಟೆ ಸಾರು.)

ಈಗ ನನ್ನ ಹತ್ತಿರ ಇರುವುದು ಬೆರಳುದ್ದದ ನುಣುಪು ಅರ (ಫೈಲ್), ಅಷ್ಟೇ. ತುದಿಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿಯುತ್ತೇನೆ, ಅರ ಎಲ್ಲಿ ತಾಗಿತು, ಎಲ್ಲಿ ಇಲ್ಲ ಅಂತ ಕಾಣುತ್ತದೆ. ಒಂದೇ ದಿಕ್ಕಿಗೆ, ಹಗುರವಾಗಿ, ಒಂದೊಂದು ಪಕ್ಕಕ್ಕೆ ಮೂರು ನಾಲ್ಕು ಎಳೆತ. ಗರಗಸದ ಹಾಗೆ ಹಿಂದೆ ಮುಂದೆ ಉಜ್ಜಬೇಡಿ. ಹೆಬ್ಬೆರಳ ಉಗುರಿನ ಮೇಲೆ ಓರೆಯಾಗಿ ಇಟ್ಟು ಮೆಲ್ಲಗೆ ಎಳೆಯಿರಿ. ಜಾರಿದರೆ ಮೊಂಡು, ಕಚ್ಚಿ ನಿಂತರೆ ಸಾಕು.

ಇದೂ 1/0 ಅಳತೆಯ ಮತ್ತು ಅದಕ್ಕಿಂತ ದೊಡ್ಡ ಗಾಳಕ್ಕೆ ಮಾತ್ರ. 8, 10 ನಂಬರಿನ ಚಿಕ್ಕವನ್ನು (ಬರೀ ನಂಬರಿನಲ್ಲಿ, ಅದು ಏರಿದಷ್ಟೂ ಗಾಳ ಚಿಕ್ಕದು) ಮಸೆಯುವುದು ಬರೀ ಕಾಲಹರಣ, ಹೊಸದು ತನ್ನಿ. ಆಸಿಡ್‌ನಲ್ಲಿ ಚೂಪು ಮಾಡಿದ ದುಬಾರಿ ಗಾಳಕ್ಕೆ ಅರ ಮುಟ್ಟಿಸಿದರೆ ಕೆಡಿಸಿದಂತೆಯೇ. ಇನ್ನು ಅರ ಯಾವುದಕ್ಕೆ ತಾಗಿದರೂ ಮೇಲಿನ ಲೇಪ ಹೋಗುತ್ತದೆ, ಉಪ್ಪುನೀರಲ್ಲಿ ಮೊದಲು ತುಕ್ಕು ಹಿಡಿಯುವುದು ಅಲ್ಲೇ.

ನಿಮ್ಮ ಡಬ್ಬಿಯದ್ದು ಚೂಪಿನ ಸಮಸ್ಯೆಯೇ ಅಲ್ಲ, ಹಸಿ ಗಾಳವನ್ನು ಹಾಗೇ ಒಳಗಿಟ್ಟಿದ್ದೀರಿ. ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಒಣಗಿಸಿ, ಆಮೇಲೆ ಮುಚ್ಚಳ ಹಾಕಿ. ತುಕ್ಕು ತಿಂದು ಗುಳಿ ಬಿದ್ದವನ್ನು ಹಳೇ ನೀರಿನ ಬಾಟ್ಲಿಗೆ ತುಂಬಿ ಬಿರಡೆ ಬಿಗಿ ಮಾಡಿ ಎಸೆಯಿರಿ. ಹೊಳೆ ದಂಡೆಯಲ್ಲಂತೂ ಬಿಡಬೇಡಿ, ಅಲ್ಲಿ ಚಿಪ್ಪು ಹೆಕ್ಕುವ ಹೆಂಗಸರು ಬರಿಗಾಲಲ್ಲಿ ಓಡಾಡುತ್ತಾರೆ.