ಮನೆಯ ಬ್ಯಾಟರಿಗೆ ರಿಯಾಯಿತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಚಾವಣಿಯ ಸೌರ ಫಲಕಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಸಂಗತಿಯನ್ನು ವಿಚಾರಿಸಿವೆ: ಮನೆಗೆ ಬ್ಯಾಟರಿ ಹಾಕಿಸಿದರೆ ಸರ್ಕಾರದ ರಿಯಾಯಿತಿಯನ್ನು ಪಡೆಯುವುದು ಹೇಗೆ? ಆಸ್ಟ್ರೇಲಿಯಾದಲ್ಲಿ 2025ರ ಜುಲೈ 1ರಿಂದ ಇಂಥದೊಂದು ಯೋಜನೆ ನಡೆಯುತ್ತಿರುವುದರಿಂದ ಅಲ್ಲಿನ ಕನ್ನಡಿಗರ ಪತ್ರಗಳೇ ಹೆಚ್ಚು. ಲೆಕ್ಕ ಅರ್ಥವಾಗಲೆಂದು ಒಂದು ಕಿಲೋವ್ಯಾಟ್-ಅವರ್ ಅನ್ನು ನಮ್ಮೂರಿನ ಬಿಲ್ಲಿನಲ್ಲಿ ಬರುವಂತೆ ಒಂದು ಯೂನಿಟ್ ಎಂದೇ ಬರೆದಿದ್ದೇನೆ.

ಪ್ರಶ್ನೆ: ಮೆಲ್ಬರ್ನಿನ ಟಾರ್ನೀಟ್‌ನಲ್ಲಿರುವ ನಮ್ಮ ಮನೆಯ ಮೇಲೆ 6.6 ಕಿಲೋವ್ಯಾಟಿನ ಸೌರ ಫಲಕಗಳಿವೆ. ಬ್ಯಾಟರಿ ಮಾರುವವರೊಬ್ಬರು ಮನೆಗೆ ಬಂದು, “ನೀವು ಅರ್ಜಿ ಹಾಕಬೇಕಾಗಿಲ್ಲ, ಇಲ್ಲೊಂದು ಸಹಿ ಹಾಕಿದರೆ ಸಾಕು, ಬ್ಯಾಟರಿ ದೊಡ್ಡದಾದಷ್ಟೂ ರಿಯಾಯಿತಿ ಹೆಚ್ಚು, 40 ಯೂನಿಟ್ಟಿನದನ್ನೇ ಹಾಕಿಸಿ” ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ: ಅವರ ಮೊದಲ ಮಾತು ನಿಜ, ಎರಡನೆಯದು ಅರ್ಧ ನಿಜ. ಈ ಯೋಜನೆಯಲ್ಲಿ ಮನೆಯ ಮಾಲೀಕರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿ ಹಣಕ್ಕಾಗಿ ಕಾಯುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ನೀವು ಹಾಕಿಸುವ ಬ್ಯಾಟರಿಯ ಸಾಮರ್ಥ್ಯಕ್ಕೆ ತಕ್ಕಂತೆ ಎಸ್‌ಟಿಸಿ ಎಂಬ, ಮಾರುಕಟ್ಟೆಯಲ್ಲಿ ಮಾರಬಹುದಾದ ಪ್ರಮಾಣಪತ್ರಗಳು ಹುಟ್ಟುತ್ತವೆ. ಅವುಗಳ ಮೇಲಿನ ನಿಮ್ಮ ಹಕ್ಕನ್ನು ಮಾರಾಟಗಾರರಿಗೆ ಬರೆದುಕೊಡುತ್ತೀರಿ. ಅವರು ಅದರ ಬೆಲೆಯನ್ನು ನಿಮ್ಮ ಬಿಲ್ಲಿನಲ್ಲೇ ಕಳೆಯುತ್ತಾರೆ. ಯೋಜನೆಯ ಉಸ್ತುವಾರಿ ಕ್ಲೀನ್ ಎನರ್ಜಿ ರೆಗ್ಯುಲೇಟರ್ ಎಂಬ ಸರ್ಕಾರಿ ಸಂಸ್ಥೆಯದು. ಆದ್ದರಿಂದ ಆ ಸಹಿ ಸಣ್ಣ ಸಂಗತಿಯಲ್ಲ. ಅದು ಸಾವಿರಾರು ಡಾಲರಿನ ಹಕ್ಕನ್ನು ಬಿಟ್ಟುಕೊಡುವ ಸಹಿ. ಬ್ಯಾಟರಿ ಗೋಡೆಗೆ ಕೂತು, ಅದರ ಮೇಲಿನ ಸೀರಿಯಲ್ ನಂಬರು ಕಾಗದದಲ್ಲಿರುವ ನಂಬರಿಗೆ ತಾಳೆಯಾಗುವುದನ್ನು ಕಣ್ಣಾರೆ ನೋಡುವ ಮೊದಲು ಅದನ್ನು ಹಾಕಬೇಡಿ.

ಇನ್ನು ಗಾತ್ರದ ಮಾತು. 5ರಿಂದ 100 ಯೂನಿಟ್ಟಿನವರೆಗಿನ ಬ್ಯಾಟರಿಗಳು ಯೋಜನೆಗೆ ಅರ್ಹವಾದರೂ ಪ್ರಮಾಣಪತ್ರ ಸಿಗುವುದು ಬಳಕೆಗೆ ಬರುವ ಮೊದಲ 50 ಯೂನಿಟ್ಟುಗಳಿಗೆ ಮಾತ್ರ. ಆರಂಭದಲ್ಲಿ ಪ್ರತಿ ಯೂನಿಟ್ಟಿಗೂ ಒಂದೇ ದರವಿದ್ದುದರಿಂದ ಜನ ಅಗತ್ಯಕ್ಕಿಂತ ಬಹಳ ದೊಡ್ಡ ಬ್ಯಾಟರಿಗಳನ್ನು ಹಾಕಿಸಿದರು. 230 ಕೋಟಿ ಡಾಲರಿನ ಅಂದಾಜನ್ನು ಸರ್ಕಾರ 720 ಕೋಟಿಗೆ ಏರಿಸಬೇಕಾಯಿತು. ಅದರ ಜೊತೆಗೇ ನಿಯಮವೂ ಬದಲಾಯಿತು. 2026ರ ಮೇ 1ರಿಂದ ಮೊದಲ 14 ಯೂನಿಟ್ಟುಗಳಿಗೆ ಪೂರ್ಣ ದರ, 14ರಿಂದ 28ರವರೆಗಿನದಕ್ಕೆ ಶೇ. 60, 28ರಿಂದ 50ರವರೆಗಿನದಕ್ಕೆ ಕೇವಲ ಶೇ. 15. ಆ ದಿನದಿಂದ ವರ್ಷಾಂತ್ಯದವರೆಗೆ ಪೂರ್ಣ ದರವೆಂದರೆ ಯೂನಿಟ್ಟಿಗೆ 6.8 ಪ್ರಮಾಣಪತ್ರ. ಒಂದರ ಬೆಲೆ ಮಾರುಕಟ್ಟೆಯಲ್ಲಿ ಏರಿಳಿಯುತ್ತದೆ. ಈ ಲೆಕ್ಕಕ್ಕೆ 37 ಡಾಲರ್ ಎಂದಿಟ್ಟುಕೊಳ್ಳೋಣ. 20 ಯೂನಿಟ್ಟಿನ ಬ್ಯಾಟರಿಗೆ 119 ಪ್ರಮಾಣಪತ್ರ, ಅಂದರೆ ಸುಮಾರು 4,400 ಡಾಲರ್. 40 ಯೂನಿಟ್ಟಿನದಕ್ಕೆ 164 ಪ್ರಮಾಣಪತ್ರ, ಸುಮಾರು 6,070 ಡಾಲರ್. ಬ್ಯಾಟರಿ ಎರಡರಷ್ಟಾದರೂ ರಿಯಾಯಿತಿ 1,700 ಡಾಲರ್ ಕೂಡ ಹೆಚ್ಚುವುದಿಲ್ಲ.

ಹಾಗಾದರೆ ನಿಮಗೆ ಎಷ್ಟು ಬೇಕು? ವಿಕ್ಟೋರಿಯಾದಲ್ಲಿ ಸ್ಮಾರ್ಟ್ ಮೀಟರ್ ಇರುವುದರಿಂದ ಇದನ್ನು ಊಹಿಸಬೇಕಾಗಿಲ್ಲ. ವಿತರಣಾ ಕಂಪನಿಯಿಂದ ಅರ್ಧ ಗಂಟೆಗೊಮ್ಮೆಯ ಬಳಕೆಯ ಲೆಕ್ಕವನ್ನು ಪಡೆದು, ಜೂನ್ ಅಥವಾ ಜುಲೈ ತಿಂಗಳ ಒಂದು ವಾರವನ್ನು ಆರಿಸಿ, ಸಂಜೆ ಐದರಿಂದ ಬೆಳಗ್ಗೆ ಎಂಟರವರೆಗೆ ಎಷ್ಟು ಯೂನಿಟ್ ಖರ್ಚಾಗಿದೆ ಎಂದು ಕೂಡಿಸಿ. ಬಳಿಕ ಅದೇ ವಾರ ಹಗಲಿನಲ್ಲಿ ಎಷ್ಟು ಯೂನಿಟ್ ಗ್ರಿಡ್ಡಿಗೆ ಹರಿದಿದೆ ಎಂಬುದನ್ನೂ ನೋಡಿ. ಈ ಎರಡನೆಯ ಅಂಕಿಯನ್ನು ಬಹಳ ಜನ ಮರೆಯುತ್ತಾರೆ. ಮೆಲ್ಬರ್ನಿನ ಮಳೆಗಾಲದಂಥ ಚಳಿಗಾಲದಲ್ಲಿ 6.6 ಕಿಲೋವ್ಯಾಟಿನ ಫಲಕಗಳಿಂದ 40 ಯೂನಿಟ್ಟಿನ ಬ್ಯಾಟರಿ ತುಂಬುವುದಿಲ್ಲ. ಖಾಲಿ ಹಂಡೆಗೆ ದುಡ್ಡು ಕೊಟ್ಟಂತಾಗುತ್ತದೆ.

ಹೀಗೆಂದು ಬ್ಯಾಟರಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಗ್ರಿಡ್ಡಿಗೆ ಮಾರಿದ ವಿದ್ಯುತ್ತಿಗೆ ವಿಕ್ಟೋರಿಯಾದಲ್ಲಿ ನಿಗದಿಯಾಗಿದ್ದ ಕನಿಷ್ಠ ದರ 2024-25ರಲ್ಲಿ ಯೂನಿಟ್ಟಿಗೆ 3.3 ಸೆಂಟ್ ಇದ್ದದ್ದು 2025-26ಕ್ಕೆ 0.04 ಸೆಂಟಿಗೆ ಇಳಿಯಿತು. ಮಧ್ಯಾಹ್ನದ ಬಿಸಿಲನ್ನು ರಾತ್ರಿಗೆ ಉಳಿಸಿಕೊಳ್ಳುವುದು ಈಗ ನಿಜವಾಗಿಯೂ ಲಾಭದ ಕೆಲಸ. ನಿಮ್ಮ ರಾತ್ರಿಯ ಖರ್ಚಿಗೆ ತಕ್ಕಷ್ಟು ಉಳಿಸಿಕೊಳ್ಳಿ.

ಪ್ರಶ್ನೆ: ನಾವು ಸಿಡ್ನಿಯವರು. 13.5 ಯೂನಿಟ್ಟಿನ ಬ್ಯಾಟರಿಗೆ 2026ರ ಮಾರ್ಚಿನಲ್ಲಿ ಮುಂಗಡ ಕೊಟ್ಟೆವು. ಏಪ್ರಿಲ್ ಕೊನೆಯಲ್ಲಿ ಬಂದ ಎಲೆಕ್ಟ್ರಿಷಿಯನ್, ಗ್ಯಾರೇಜಿನ ಗೋಡೆಯ ಆಚೆ ಮಲಗುವ ಕೋಣೆ ಇದೆಯೆಂದು ಕೆಲಸ ನಿಲ್ಲಿಸಿ ಹೋದರು. ಮೇ ತಿಂಗಳಲ್ಲಿ ಕೆಲಸ ಮುಗಿಯಿತು. ಈಗ ರಿಯಾಯಿತಿ ಕಡಿಮೆಯಾಗಿದೆ ಎಂದು ಕಂಪನಿ ಹೆಚ್ಚಿನ ಹಣ ಕೇಳುತ್ತಿದೆ. ಮುಂಗಡ ಕೊಟ್ಟ ದಿನವನ್ನೇ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ನಿಯಮ ಹಾಗಿಲ್ಲ. ಮುಂಗಡ ಕೊಟ್ಟ ದಿನವಾಗಲಿ, ಕರಾರಿಗೆ ಸಹಿ ಹಾಕಿದ ದಿನವಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಮುಗಿದು, ವಿದ್ಯುತ್ ಸುರಕ್ಷತೆಯ ಪ್ರಮಾಣಪತ್ರಕ್ಕೆ ಸಹಿ ಬಿದ್ದ ದಿನವೇ ಲೆಕ್ಕದ ದಿನ. 2026ರ ಜನವರಿಯಿಂದ ಏಪ್ರಿಲ್‌ವರೆಗೆ ಯೂನಿಟ್ಟಿಗೆ 8.4 ಪ್ರಮಾಣಪತ್ರ ಇದ್ದುದರಿಂದ ನಿಮಗೆ 113 ಸಿಗುತ್ತಿದ್ದವು. ಮೇ ತಿಂಗಳ ದರದಲ್ಲಿ 91 ಸಿಗುತ್ತವೆ. ನಷ್ಟ 22 ಪ್ರಮಾಣಪತ್ರ, ಸುಮಾರು ಎಂಟುನೂರು ಡಾಲರ್.

ಆ ನಷ್ಟವನ್ನು ಯಾರು ಹೊರಬೇಕು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ನಿಮ್ಮ ಕರಾರಿನಲ್ಲಿದೆ. ರಿಯಾಯಿತಿಯ ಮೊತ್ತ ಬದಲಾದರೆ ಬೆಲೆಯೂ ಬದಲಾಗುತ್ತದೆ ಎಂಬ ಷರತ್ತು ಅದರಲ್ಲಿದೆಯೇ ನೋಡಿ. ಅಂಥ ಷರತ್ತು ಇಲ್ಲದಿದ್ದರೆ, ಅಥವಾ ಏಪ್ರಿಲ್ ಒಳಗೆ ಮುಗಿಸಿಕೊಡುವುದಾಗಿ ಬರೆದುಕೊಟ್ಟಿದ್ದರೆ, ಕಂಪನಿಗೆ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿ. ಅಲ್ಲಿ ಬಗೆಹರಿಯದಿದ್ದರೆ ನ್ಯೂ ಸೌತ್ ವೇಲ್ಸ್‌ನ ಫೇರ್ ಟ್ರೇಡಿಂಗ್ ಇಲಾಖೆಗೆ ದೂರು ಕೊಡಬಹುದು.

ಎಲೆಕ್ಟ್ರಿಷಿಯನ್ ಕೆಲಸ ನಿಲ್ಲಿಸಿದ್ದು ಮಾತ್ರ ಸರಿಯಾಗಿಯೇ ಇದೆ. ಎಎಸ್/ಎನ್‌ಜೆಡ್‌ಎಸ್ 5139 ಎಂಬ ಮಾನದಂಡದ ಪ್ರಕಾರ, ವಾಸದ ಕೋಣೆಯ ಗೋಡೆಗೆ ಆಚೆಯಿಂದ ಬ್ಯಾಟರಿ ಕೂರಿಸುವಾಗ ಆ ಗೋಡೆ ಬೆಂಕಿ ಹಿಡಿಯದ ವಸ್ತುವಿನದಾಗಿರಬೇಕು, ಇಲ್ಲವೇ ಮಧ್ಯೆ ಸಿಮೆಂಟ್ ಹಲಗೆಯಂಥ ತಡೆ ಇರಬೇಕು. ಕಿಟಕಿ ಬಾಗಿಲುಗಳಿಂದಲೂ 600 ಮಿಲಿಮೀಟರ್ ದೂರ ಬಿಡಬೇಕು. ನನ್ನ ಮನೆಯಲ್ಲೂ ಹೀಗೇ ಆಯಿತು. ಟೇಪು ಹಿಡಿದು ಅಳೆದಾಗ ಅಡುಗೆಮನೆಯ ಕಿಟಕಿಯ ಅಂಚಿನಿಂದ ಗುರುತು ಹಾಕಿದ ಜಾಗಕ್ಕೆ 540 ಮಿಲಿಮೀಟರ್ ಬಂತು. ಅರವತ್ತು ಮಿಲಿಮೀಟರಿಗಾಗಿ, ಅಂದರೆ ನಾಲ್ಕು ಬೆರಳಿಗೂ ಕಡಿಮೆ ಅಗಲಕ್ಕಾಗಿ, ಎರಡು ವಾರ ಕಾದೆ. ಸ್ಥಳ ಪರಿಶೀಲನೆಯನ್ನು ಕರಾರಿಗೆ ಮೊದಲೇ ಮಾಡಿಸಿದ್ದರೆ ನಿಮಗೂ ನನಗೂ ಈ ತೊಂದರೆ ಇರುತ್ತಿರಲಿಲ್ಲ. ಫೋಟೋ ಕಳಿಸಿದರೆ ಸಾಕು ಎನ್ನುವ ಕಂಪನಿಗಳನ್ನು ಮನೆಗೇ ಬಂದು ಅಳೆಯಿರಿ ಎಂದು ಒತ್ತಾಯಿಸಿ.

ಪ್ರಶ್ನೆ: ಪರ್ತ್‌ನಲ್ಲಿ ನಮ್ಮ ಬ್ಯಾಟರಿಯನ್ನು ವಿದ್ಯುತ್ ಕಂಪನಿಯ ಹಿಡಿತಕ್ಕೆ ಕೊಟ್ಟರೆ ಮಾತ್ರ ರಿಯಾಯಿತಿ ಎನ್ನುತ್ತಾರೆ. ಸಿಡ್ನಿಯ ನನ್ನ ತಮ್ಮ ಹಾಗೇನೂ ಇಲ್ಲ ಎನ್ನುತ್ತಾನೆ. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಸರಿ, ಏಕೆಂದರೆ ಎರಡು ಬೇರೆ ಬೇರೆ ರಿಯಾಯಿತಿಗಳ ಮಾತಾಡುತ್ತಿದ್ದೀರಿ. ಸಾವಿರಾರು ಮನೆಗಳ ಬ್ಯಾಟರಿಗಳನ್ನು ಇಂಟರ್ನೆಟ್ ಮೂಲಕ ಜೋಡಿಸಿ, ಬೇಡಿಕೆ ಹೆಚ್ಚಿರುವ ಸಂಜೆಯ ಹೊತ್ತಿನಲ್ಲಿ ಒಂದೇ ವಿದ್ಯುತ್ ಸ್ಥಾವರದಂತೆ ನಡೆಸುವ ವ್ಯವಸ್ಥೆಗೆ ವರ್ಚುವಲ್ ಪವರ್ ಪ್ಲಾಂಟ್ ಎನ್ನುತ್ತಾರೆ. ಗ್ರಿಡ್ಡಿಗೆ ಜೋಡಿಸಿದ ಬ್ಯಾಟರಿಗೆ ಅದರಲ್ಲಿ ಸೇರುವ ತಾಂತ್ರಿಕ ಸಾಮರ್ಥ್ಯ ಇರಬೇಕೆಂದು ಕೇಂದ್ರ ಯೋಜನೆ ಕೇಳುತ್ತದೆಯೇ ಹೊರತು ನೀವು ಸೇರಲೇಬೇಕೆಂದು ಕೇಳುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ 2025ರ ಜುಲೈಯಲ್ಲಿ ತಂದ ಪ್ರತ್ಯೇಕ ಯೋಜನೆಗೆ ಸೇರುವುದು ಕಡ್ಡಾಯ. ಅದರಲ್ಲಿ ಸಿನರ್ಜಿ ಎಂಬ ವಿದ್ಯುತ್ ಕಂಪನಿಯ ಗ್ರಾಹಕರಿಗೆ ಯೂನಿಟ್ಟಿಗೆ 130 ಡಾಲರಿನಂತೆ 1,300 ಡಾಲರಿನವರೆಗೆ, ದೂರದ ಊರುಗಳ ಹೊರೈಜನ್ ಪವರ್ ಗ್ರಾಹಕರಿಗೆ 3,800 ಡಾಲರಿನವರೆಗೆ ಸಿಗುತ್ತದೆ. ಎರಡೂ ರಿಯಾಯಿತಿಗಳನ್ನು ಒಟ್ಟಿಗೆ ಪಡೆಯಬಹುದು. ನನ್ನ ಅಭಿಪ್ರಾಯದಲ್ಲಿ ಸೇರುವುದು ಕೆಟ್ಟದ್ದೇನಲ್ಲ. ನಿಮ್ಮ ಬ್ಯಾಟರಿಯಲ್ಲಿ ಶೇಕಡಾ ಎಷ್ಟನ್ನು ಅವರು ಮುಟ್ಟುವಂತಿಲ್ಲ, ವರ್ಷಕ್ಕೆ ಎಷ್ಟು ಬಾರಿ ಬಳಸಬಹುದು, ಬಳಸಿದ ಯೂನಿಟ್ಟಿಗೆ ಎಷ್ಟು ಕೊಡುತ್ತಾರೆ ಎಂಬ ಮೂರು ಅಂಕಿಗಳನ್ನು ಕರಾರಿನಲ್ಲಿ ಹುಡುಕಿ ಓದಿ, ಆಮೇಲೆ ನಿರ್ಧರಿಸಿ.

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿ 2025ರ ಡಿಸೆಂಬರಿನಲ್ಲಿ ಪೂರ್ತಿ ಹಣ ಕೊಟ್ಟು, 2026ರ ಜನವರಿಯಲ್ಲಿ ಬ್ಯಾಟರಿ ಹಾಕಿಸಿಕೊಂಡೆ. ಶೇ. 30ರ ತೆರಿಗೆ ವಿನಾಯಿತಿ ಸಿಗುತ್ತದೆಯೇ?

ಉತ್ತರ: ವಿಷಾದದಿಂದ ಹೇಳಬೇಕಾಗಿದೆ, ಸಿಗುವುದಿಲ್ಲ. 3 ಯೂನಿಟ್ ಅಥವಾ ಅದಕ್ಕಿಂತ ದೊಡ್ಡ ಬ್ಯಾಟರಿಗೆ ಮನೆ ಮಾಲೀಕರು ಪಡೆಯುತ್ತಿದ್ದ ಆ ಸೌಲಭ್ಯ 2025ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಅಲ್ಲಿಯೂ ಹಣ ಕೊಟ್ಟ ದಿನ ಮುಖ್ಯವಲ್ಲ, ಅಳವಡಿಕೆ ಮುಗಿದ ದಿನವೇ ಖರ್ಚಿನ ದಿನ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕ. ಮೆಲ್ಬರ್ನಿನಲ್ಲಿರುವ ಮಗಳ ಮನೆಯ ಬ್ಯಾಟರಿಯನ್ನು ನೋಡಿ ಬಂದ ಮೇಲೆ ನಮ್ಮ ಮನೆಗೂ ಹಾಕಿಸುವ ಆಸೆಯಾಗಿದೆ. 3 ಕಿಲೋವ್ಯಾಟಿನ ಫಲಕ ಮತ್ತು ಬ್ಯಾಟರಿ ಎರಡಕ್ಕೂ ಸೇರಿ ಕೇಂದ್ರದ ಸಬ್ಸಿಡಿ ಬರುತ್ತದೆ ಎಂದು ಇಲ್ಲಿನ ಏಜೆಂಟರೊಬ್ಬರು ಹೇಳುತ್ತಿದ್ದಾರೆ.

ಉತ್ತರ: ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ ಇರುವುದು ಚಾವಣಿಯ ಫಲಕಗಳ ಸಾಮರ್ಥ್ಯಕ್ಕೆ, ಬ್ಯಾಟರಿಗಲ್ಲ. ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಬ್ಯಾಟರಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಫಲಕಗಳು ದೇಶದಲ್ಲೇ ತಯಾರಾದ ಸೆಲ್‌ಗಳವಾಗಿರಬೇಕು. ಇಲ್ಲಿ ಅರ್ಜಿಯನ್ನು ನೀವೇ ಹಾಕಬೇಕು: ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮನೆಯ ವಿದ್ಯುತ್ ಸಂಪರ್ಕದ ವಿವರ ಕೊಟ್ಟು ನೋಂದಾಯಿಸಿ, ಅಲ್ಲಿನ ಪಟ್ಟಿಯಲ್ಲಿರುವ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದವರು ಪರಿಶೀಲಿಸಿ ನೆಟ್ ಮೀಟರ್ ಹಾಕಿದ ಬಳಿಕ ಸಬ್ಸಿಡಿ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ, ಏಜೆಂಟರ ಕೈಗಲ್ಲ.

ಬ್ಯಾಟರಿ ಇಲ್ಲದ ವ್ಯವಸ್ಥೆ ಕರೆಂಟು ಹೋದಾಗ ಹಗಲಿನಲ್ಲೂ ನಿಂತುಬಿಡುತ್ತದೆ ಎಂಬುದು ನಿಮಗೆ ಗೊತ್ತಿರಲಿ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಚಾವಣಿಯಿಂದ ಹರಿದ ವಿದ್ಯುತ್ ತಗುಲಬಾರದೆಂದೇ ಈ ಏರ್ಪಾಡು. ಆದರೆ ದಿನಕ್ಕೆ ಒಂದೆರಡು ಗಂಟೆಯ ಕಡಿತಕ್ಕೆ ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ಯುಪಿಎಸ್ ಸಾಕಾಗುತ್ತಿದ್ದರೆ, ಹಗಲಿನಲ್ಲಿ ಉಳಿದ ಯೂನಿಟ್ಟುಗಳನ್ನು ನೆಟ್ ಮೀಟರ್ ನಿಮ್ಮ ಲೆಕ್ಕಕ್ಕೇ ಹಾಕಿಕೊಡುವುದರಿಂದ, ಮಗಳ ಮನೆಯಲ್ಲಿ ಬ್ಯಾಟರಿ ತರುವಷ್ಟು ಉಳಿತಾಯವನ್ನು ಅದು ಮೈಸೂರಿನಲ್ಲಿ ತರುವುದಿಲ್ಲ. ಆದರೂ ಬೇಕೆನಿಸಿದರೆ ಫಲಕಕ್ಕೆ ಒಂದು, ಬ್ಯಾಟರಿಗೆ ಒಂದು ಎಂದು ಏಜೆಂಟರಿಂದ ಎರಡು ಪ್ರತ್ಯೇಕ ಕೊಟೇಶನ್ ಬರೆಸಿಕೊಳ್ಳಿ. ಹಾಗೆ ಬರೆದುಕೊಡಲು ಒಪ್ಪದವರಿಗೆ ಮುಂಗಡ ಕೊಡಬೇಡಿ.