ಹೊಕ್ಕುಳಬಳ್ಳಿ ರಕ್ತಕ್ಕೆ ಎಪ್ಪತ್ತು ಸಾವಿರ ಕಟ್ಟಬೇಕಾ?

ಗಂಗಾವತಿಯಿಂದ ಕೇಳಿದ್ದೀರಿ. ಹೆಂಡತಿಗೆ ಏಳನೇ ತಿಂಗಳು. ಹೆರಿಗೆಯಲ್ಲಿ ಹೊಕ್ಕುಳಬಳ್ಳಿ ರಕ್ತ ತೆಗೆದಿಟ್ಟರೆ, ಮಗುವಿಗೆ ಮುಂದೆ ಏನೇ ಕಾಯಿಲೆ ಬಂದರೂ ಅದರ ಸ್ಟೆಮ್ ಸೆಲ್‌ನಿಂದಲೇ (ಹೊಸ ಕೋಶಗಳನ್ನು ಹುಟ್ಟಿಸುವ ಮೂಲ ಕೋಶ) ವಾಸಿ ಮಾಡಬಹುದು ಅಂತ ಏಜೆಂಟ್ ಹೇಳಿದ್ದಾನೆ. ಎಪ್ಪತ್ತು ಸಾವಿರ ಕೇಳುತ್ತಿದ್ದಾನೆ.

ಬೇಡ ಸರ್. ನಾನು ಡಾಕ್ಟರ್ ಅಲ್ಲ, ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ಆದರೆ ನನ್ನ ಅಳಿಯ, ಅಂದರೆ ಅಕ್ಕನ ಮಗ, ಸ್ಟೆಮ್ ಸೆಲ್‌ನಿಂದಲೇ ಹುಷಾರಾದವನು.

ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದು. ನಮ್ಮ ಕಡೆ ಇದು ಹೊಸದಲ್ಲ ಅಲ್ವಾ? ಎರಡನೆಯವನು ಹುಟ್ಟಿದಾಗ ಇಂಥದ್ದೇ ಒಬ್ಬ ಏಜೆಂಟ್ ಬಂದಿದ್ದ, ಭಾವ ಸಾಲ ಮಾಡಿ ದುಡ್ಡು ಕಟ್ಟಿದ್ದರು. ಎಂಟು ತಿಂಗಳಿಗೆ ಹುಡುಗ ಬಿಳಿಚಿಕೊಂಡ. ಥಲಸ್ಸೇಮಿಯಾ, ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ದೋಷ ಬಂದು ಮೈಯಲ್ಲಿ ಸರಿಯಾಗಿ ರಕ್ತ ಆಗದ ಕಾಯಿಲೆ. ಮೂರು ವಾರಕ್ಕೊಮ್ಮೆ ರಾಯಚೂರಿಗೆ ಹೋಗಿ ರಕ್ತ ಹಾಕಿಸಬೇಕು. ಹಾಕಿದ ರಕ್ತದ ಕಬ್ಬಿಣ ಹೃದಯ, ಲಿವರ್‌ನಲ್ಲಿ ಸೇರುತ್ತದೆ, ಅದಕ್ಕೆ ಬೇರೆ ಮಾತ್ರೆ. ಆಗ ಭಾವ ಧೈರ್ಯವಾಗಿ ಕೇಳಿದರು: "ಇವನ ರಕ್ತ ಇಡಿಸಿದ್ದೇವಲ್ಲ ಡಾಕ್ಟ್ರೇ?" ಆ ರಕ್ತದಲ್ಲೂ ಅದೇ ದೋಷ ಇದೆ, ಉಪಯೋಗವಿಲ್ಲ ಅಂದರು. ಜೊಳ್ಳು ಬೀಜವನ್ನೇ ಜೋಪಾನ ಮಾಡಿಟ್ಟ ಹಾಗಾಯಿತು.

ಕೆಲಸಕ್ಕೆ ಬಂದಿದ್ದು ಅವನ ಅಕ್ಕನ ಮೂಳೆಮಜ್ಜೆ, ಅದರಲ್ಲಿರುವ ಸ್ಟೆಮ್ ಸೆಲ್. ಒಡಹುಟ್ಟಿದವರ ಎಚ್‌ಎಲ್‌ಎ (ಇದು ನಮ್ಮದೇ ಕೋಶ ಅಂತ ಮೈ ಗುರುತಿಸುವ ಗುರುತು) ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ಪುಣ್ಯ, ಹೊಂದಿತು. ಬೆಂಗಳೂರಿನಲ್ಲಿ ಮೊದಲು ಜೋರಾದ ಔಷಧಿ ಕೊಟ್ಟು ಇವನ ಮಜ್ಜೆಯನ್ನು ಪೂರ್ತಿ ಬರಿದು ಮಾಡಿದರು. ಗದ್ದೆ ಹಸನು ಮಾಡಿದ ಮೇಲೆ ತಾನೇ ನಾಟಿ? ಹುಡುಗಿಯ ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ದೊಡ್ಡ ಆಪರೇಷನ್ ಇರಬಹುದು ಅಂತ ಹೆದರಿ ಕೂತಿದ್ದೆವು. ನೋಡಿದರೆ ಇವನಿಗೆ ರಕ್ತ ಏರಿಸಿದ ಹಾಗೆ ಡ್ರಿಪ್‌ನಲ್ಲಿ ಹಾಕಿದರು, ಅಷ್ಟೇ. ಕಷ್ಟ ಇದ್ದಿದ್ದು ಆಮೇಲೆ. ಮೂರನೇ ವಾರ ರಕ್ತಕಣಗಳ ಕೌಂಟ್ ಏರುವವರೆಗೆ ಯಾರಿಗೂ ನಿದ್ದೆಯಿಲ್ಲ. ಸೋಂಕಿನ ಭಯ, ಹೊಸ ಕೋಶಗಳು ಇವನ ಮೈಮೇಲೇ ತಿರುಗಿಬೀಳುವ ಭಯ. ಆಸ್ಪತ್ರೆ ಪಕ್ಕ ರೂಮು ಹಿಡಿದು ಅಕ್ಕ ತಿಂಗಳುಗಟ್ಟಲೆ ರೊಟ್ಟಿ ಬಡಿದಳು, ಹೊರಗಿನ ಊಟ ಮುಟ್ಟಿಸುವ ಹಾಗಿರಲಿಲ್ಲ. ಖರ್ಚಿಗೆ ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಿಂದ ಹತ್ತು ಲಕ್ಷದವರೆಗೆ ಸಹಾಯ ಸಿಗುತ್ತದೆ. ಇದು ಗೊತ್ತಿಲ್ಲದೆ ಹೊಲ ಮಾರಿದವರನ್ನು ಅಲ್ಲೇ ನೋಡಿದೆ.

ಹೊಕ್ಕುಳಬಳ್ಳಿ ರಕ್ತ ದಂಡ ಅಂತಲ್ಲ. 1988ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಸಲ ಅದನ್ನು ಒಬ್ಬ ಹುಡುಗನಿಗೆ ಹಾಕಿ ಗೆದ್ದರು. ಆದರೆ ಅದು ಆಗ ತಾನೇ ಹುಟ್ಟಿದ ತಂಗಿಯದು, ಅವನದಲ್ಲ! ನಿಮ್ಮ ದೊಡ್ಡ ಮಗನಿಗೆ ಇಂಥ ರಕ್ತದ ಕಾಯಿಲೆ ಇದ್ದಿದ್ದರೆ ನಾನೇ ಇಡಿಸಿ ಅನ್ನುತ್ತಿದ್ದೆ. ಅವನು ಆರೋಗ್ಯವಾಗಿದ್ದಾನೆ ಅಂತ ನೀವೇ ಬರೆದಿದ್ದೀರಿ. ಮಗುವಿನ ಸ್ವಂತಕ್ಕೆ ಅಂತ ಇಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲೇ ಇದೆ.

ಸಕ್ಕರೆ ಕಾಯಿಲೆ, ಕೈಕಾಲು ನಡುಗುವ ಪಾರ್ಕಿನ್ಸನ್‌ಗೂ ಸ್ಟೆಮ್ ಸೆಲ್ ಪ್ರಯೋಗ ನಡೆಯುತ್ತಿವೆ. 2006ರಲ್ಲಿ ಜಪಾನಿನ ಯಮನಾಕ ಇಲಿಯ ಚರ್ಮದ ಕೋಶವನ್ನೇ ಸ್ಟೆಮ್ ಸೆಲ್ ಥರ ಬದಲಾಯಿಸಿ, 2012ರಲ್ಲಿ ನೊಬೆಲ್ ಪಡೆದರು. ಅಂದರೆ ಮುಂದೆ ಬೇಕಾದರೆ ದೊಡ್ಡವರ ಚರ್ಮದಿಂದಲೂ ಇಂಥ ಕೋಶ ಮಾಡಿಕೊಳ್ಳಬಹುದು. ಈಗಲೇ ಫ್ರಿಜ್ಜಿಗೆ ಬಾಡಿಗೆ ಯಾಕೆ?

ಒಂದು ಮಾತು. ನಿಮ್ಮದೂ ಸೋದರಿಕೆಯ ಮದುವೆ ಅಂದಿರಿ. ಗಂಡ ಹೆಂಡತಿ ಇಬ್ಬರೂ ಎಚ್‌ಬಿ ಎ2 ರಕ್ತಪರೀಕ್ಷೆ (ಥಲಸ್ಸೇಮಿಯಾ ದೋಷ ನಿಮ್ಮೊಳಗೆ ಇದೆಯಾ ಅಂತ ನೋಡುವುದು) ಮಾಡಿಸಿದ್ದೀರಾ? ಇಲ್ಲದಿದ್ದರೆ ನಾಳೆಯೇ ಹೋಗಿ. ಎಪ್ಪತ್ತು ಸಾವಿರದ ಮುಂದೆ ಅದು ಚಿಲ್ಲರೆ ದುಡ್ಡು. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ.